ಲಕ್ವ ಹೊಡೆದ ಮೇಲಿನ 3 ದಿನಗಳು: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಸಿಗುವಂತೆ ಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಕಂಡವರಿಗೆ, ಲಕ್ವ ಹೊಡೆದವರಿಗೂ ಇಂಥದ್ದೊಂದು ಬೇಕೆನ್ನಿಸುವುದು ಸಹಜ. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನೂ ಅದೇ ಔಷಧ ಕರಗಿಸಬಲ್ಲದು, ಆದರೆ ಸಿ.ಟಿ. ಸ್ಕ್ಯಾನ್ ಮಾಡಿ ರಕ್ತಸ್ರಾವವಿಲ್ಲವೆಂದು ಖಚಿತಪಡಿಸಿಕೊಂಡು, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಈ ಬೇಡಿಕೆಯನ್ನು ತಮ್ಮ ಮುಂದಿಡುವವರು ಬೇರೆ ಇದ್ದಾರೆ. ಆ ಗಡುವು ಮೀರಿದ ಮೇಲೆ, ಎಣ್ಣೆ ತಿಕ್ಕಿಸಿಕೊಂಡು, ನಾಟಿ ಔಷಧ ಮುಗಿಸಿಕೊಂಡು ವಾರ್ಡಿಗೆ ಬರುವ ರೋಗಿಗಳ ಬಗ್ಗೆ, ಅವರ ಮಿದುಳಿನಲ್ಲಿ ಬಿಳಿ ರಕ್ತಕಣಗಳು ಮಾಡುವ ಹಾನಿಯ ಬಗ್ಗೆ ನಾನು ಬರೆಯುತ್ತಿದ್ದೇನೆ.

ರಕ್ತ ಸಿಗದೆ ಸಾಯುತ್ತಿರುವ ಜೀವಕೋಶಗಳು ಹೊರಡಿಸುವ ರಾಸಾಯನಿಕ ಸಂಕೇತಗಳಿಂದ ಸುತ್ತಲಿನ ರಕ್ತನಾಳಗಳ ಒಳಗೋಡೆ ಅಂಟಂಟಾಗುತ್ತದೆ. ಸೋಂಕು ತಗುಲಿದಾಗ ಎಲ್ಲಕ್ಕಿಂತ ಮೊದಲು ಓಡಿಬರುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಸೋಂಕೇ ಇಲ್ಲದ ಈ ಜಾಗಕ್ಕೂ ಕೆಲವೇ ಗಂಟೆಗಳಲ್ಲಿ ಬಂದು ಕಚ್ಚಿಕೊಳ್ಳುತ್ತವೆ ಮತ್ತು ಒಂದರಿಂದ ಮೂರು ದಿನಗಳೊಳಗೆ ಅವುಗಳ ದಾಳಿ ತಾರಕಕ್ಕೇರುತ್ತದೆ. ಕೆಲವು ಕಣಗಳು ಲೋಮನಾಳಗಳಲ್ಲಿ ಸಿಕ್ಕಿಕೊಂಡು, ದೊಡ್ಡ ನಾಳದ ಹೆಪ್ಪು ತೆರವಾದ ಮೇಲೂ ಅಲ್ಲಿ ರಕ್ತ ಹರಿಯದಂತೆ ಮಾಡುತ್ತವೆ. ಅವು ಸುರಿಸುವ ಎಂಎಂಪಿ-9 ಎಂಬ ಕಿಣ್ವ, ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆಯನ್ನು ಸಡಿಲಗೊಳಿಸುವುದರಿಂದ ಊತ ಹೆಚ್ಚುತ್ತದೆ, ಕೆಲವೊಮ್ಮೆ ಸತ್ತ ಭಾಗದೊಳಕ್ಕೆ ರಕ್ತವೂ ಒಸರುತ್ತದೆ. ಹಾಗೆಂದು ಬಿಳಿ ಕಣಗಳೆಲ್ಲ ಶತ್ರುಗಳಲ್ಲ, ಸತ್ತ ಅಂಗಾಂಶವನ್ನು ತೆರವು ಮಾಡುವ ಮಾನೋಸೈಟ್‌ಗಳಿಲ್ಲದೆ ಗಾಯ ಮಾಯದು. ಇದೇ ದಿನಗಳಲ್ಲಿ, ಸೋಂಕಿನ ವಿರುದ್ಧ ಹೋರಾಡುವ ಲಿಂಫೋಸೈಟ್ ಎಂಬ ಬಿಳಿ ಕಣಗಳ ಸಂಖ್ಯೆ ಕುಸಿದು, ರೋಗಿ ನ್ಯುಮೋನಿಯಾಕ್ಕೆ ಸುಲಭದ ತುತ್ತಾಗುವುದೂ ಉಂಟು.

ಬಿಳಿ ಕಣಗಳ ಈ ದಾಳಿಯನ್ನು ಔಷಧದಿಂದ ತಡೆಯುವ ಪ್ರಯತ್ನಗಳು ಈವರೆಗೆ ಕೈಗೂಡಿಲ್ಲ. ಬಿಳಿ ಕಣ ರಕ್ತನಾಳಕ್ಕೆ ಅಂಟದಂತೆ ಮಾಡಬೇಕಿದ್ದ ಎನ್ಲಿಮೊಮ್ಯಾಬ್ ಎಂಬ ಇಲಿಮೂಲದ ಪ್ರತಿಕಾಯವನ್ನು 625 ರೋಗಿಗಳ ಮೇಲೆ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಔಷಧ ಪಡೆದವರಲ್ಲೇ ಸಾವು ಹೆಚ್ಚಿತ್ತು, ಜ್ವರವೂ ಹೆಚ್ಚಿತ್ತು. ನ್ಯಾಟಲಿಜುಮ್ಯಾಬ್ ಎಂಬ ಇಂಥದ್ದೇ ಇನ್ನೊಂದು ಪ್ರತಿಕಾಯ ಕೂಡ ನಂತರದ ಪರೀಕ್ಷೆಗಳಲ್ಲಿ ಫಲ ಕೊಡಲಿಲ್ಲ.

ಫಲ ಕೊಟ್ಟದ್ದು ಸಾದಾ ಶುಶ್ರೂಷೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 19 ಸ್ಟ್ರೋಕ್ ಘಟಕಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ 72 ಗಂಟೆಗಳ ಜ್ವರ, ಸಕ್ಕರೆ ಮತ್ತು ನುಂಗುವ ಶಕ್ತಿಯ ನಿಗಾವನ್ನು ನರ್ಸ್‌ಗಳಿಗೆ ವಹಿಸಿದ ಕಡೆ, 90 ದಿನಗಳ ಬಳಿಕ ಸತ್ತವರು ಅಥವಾ ಪರಾವಲಂಬಿಗಳಾದವರು ಶೇ. 42, ಮಾಮೂಲಿ ಚಿಕಿತ್ಸೆಯ ಕಡೆ ಶೇ. 58. ಬಿಳಿ ಕಣಗಳ ದಾಳಿ ಎಬ್ಬಿಸುವ ಉರಿಯೂತದ ಬೆಂಕಿಗೆ ಜ್ವರ, ಸಕ್ಕರೆಗಳು ತುಪ್ಪ ಸುರಿಯುತ್ತವೆ ಎಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ.

ನಮ್ಮ ವಾರ್ಡುಗಳಲ್ಲಿ ನಡೆಯುವುದು ಬೇರೆ. ಬಾಯಿ ಓರೆಯಾಗಿ ಅಂಗಾತ ಮಲಗಿದವರಿಗೆ, ಪಾಪ, ಮನೆಯವರು ಚಮಚದಲ್ಲಿ ಎಳನೀರೋ ರಾಗಿ ಗಂಜಿಯೋ ಹುಯ್ಯುತ್ತಾರೆ. ರೋಗಿ ಕೆಮ್ಮಿದರೆ ಬೆನ್ನು ಸವರಿ ಮತ್ತೆ ಹುಯ್ಯುತ್ತಾರೆ. ಮೂರನೆಯ ದಿನ ಶ್ವಾಸಕೋಶದಲ್ಲಿ ಗುರುಗುರು ಶುರು. ಇನ್ನೊಂದೆಡೆ, ರಕ್ತ ಪರೀಕ್ಷೆಯಲ್ಲಿ ಬಿಳಿ ಕಣಗಳ 'ಕೌಂಟ್ ಜಾಸ್ತಿ ಇದೆ' ಎಂದ ಕೂಡಲೇ ಆ್ಯಂಟಿಬಯೋಟಿಕ್ ಶುರುವಾಗುತ್ತದೆ. ಲಕ್ವದಲ್ಲಿ ಸೋಂಕಿಲ್ಲದೆಯೂ ಕೌಂಟ್ ಏರುತ್ತದೆ. ಮುಂಜಾಗ್ರತೆಗೆಂದು ಎಲ್ಲರಿಗೂ ಆ್ಯಂಟಿಬಯೋಟಿಕ್ ಕೊಟ್ಟರೆ ರೋಗಿಯ ಚೇತರಿಕೆ ಸುಧಾರಿಸುವುದಿಲ್ಲವೆಂದು 2015ರಲ್ಲೇ ಯುರೋಪಿನ ಎರಡು ದೊಡ್ಡ ಅಧ್ಯಯನಗಳು ತೋರಿಸಿವೆ.

ಆದ್ದರಿಂದ, ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಲಕ್ವದ ರೋಗಿಗಳಿಗೆ ಕೆಲವು ಹಾಸಿಗೆಗಳನ್ನು ಒಂದೆಡೆ ಮೀಸಲಿಟ್ಟು, ನುಂಗುವ ಪರೀಕ್ಷೆ ಆಗುವವರೆಗೆ ಬಾಯಿಗೆ ಹನಿ ನೀರನ್ನೂ ಹಾಕಬಾರದೆಂಬ ಫಲಕವನ್ನು ಹಾಸಿಗೆಗೆ ತೂಗುಹಾಕಿಸಿ, ಮೂರು ದಿನ ನಾಲ್ಕು ಗಂಟೆಗೊಮ್ಮೆ ಜ್ವರ ನೋಡುವ, ಸಕ್ಕರೆ ಅಳೆಯುವ, ಚಿಕಿತ್ಸೆ ಆರಂಭಿಸುವ ಅಧಿಕಾರವನ್ನು ಶುಶ್ರೂಷಾಧಿಕಾರಿಗಳಿಗೆ ಲಿಖಿತವಾಗಿ ಕೊಡಿಸಬೇಕೆಂದು ಕೋರುತ್ತೇನೆ. ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ರೂಪಿಸಿರುವ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಡಿ ಇದರ ತರಬೇತಿ ನಡೆಸಬಹುದು. ಬೇಕಾದ ಥರ್ಮಾಮೀಟರು, ಗ್ಲುಕೋಮೀಟರು, ಪ್ಯಾರಾಸಿಟಮಾಲ್ ಈಗಾಗಲೇ ವಾರ್ಡುಗಳಲ್ಲಿವೆ. ಇಲ್ಲದಿರುವುದು ಆದೇಶ ಮತ್ತು ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸ್.

ಗೌರವಾದರಗಳೊಂದಿಗೆ,
ತಾಲ್ಲೂಕು ಕೇಂದ್ರವೊಂದರ ವೈದ್ಯ