ನೊಂದವರ ಬಾಯಿ ಮುಚ್ಚಿಸೋಕೆ ಕೀರ್ತನೆ ಬೇಡ

ಮಾನ್ಯ ಸಂಪಾದಕರೇ,

ಯಾರಿಗಾದ್ರೂ ಅನ್ಯಾಯ ಆದ್ರೆ ನಮ್ಮ ಕ್ರೈಸ್ತ ವಿಶ್ವಾಸಿಗಳು ತಕ್ಷಣ ಹೇಳೋದು, "ಬಿಡಿ, ದೇವರು ನೋಡ್ಕೋತಾನೆ, ಬೈಬಲಿನ 37ನೇ ಕೀರ್ತನೆ ಓದಿ, ಕೆಟ್ಟವರನ್ನ ನೋಡಿ ಉರ್ಕೋಬೇಡಿ". ಮಾತು ಸುಳ್ಳಲ್ಲ, ಆ ಕೀರ್ತನೆ ಅಂದ್ರೆ ನನಗೂ ಪ್ರಾಣ. ಆದ್ರೆ ಮೋಸ ಹೋದವರಿಗೆ, ಮನೆಯವರನ್ನ ಕಳ್ಕೊಂಡವರಿಗೆ ಅದನ್ನ ಹೇಳೋ ಧಾಟಿ ನೋಡಿದ್ರೆ ಸಮಾಧಾನ ಮಾಡೋದಕ್ಕಿಂತ ಬಾಯಿ ಮುಚ್ಚಿಸೋದೇ ಉದ್ದೇಶ ಅನ್ಸುತ್ತೆ, ಅದಕ್ಕೇ ಬರೀತಿದೀನಿ.

37ನೇ ಕೀರ್ತನೆ ಮಾತಾಡೋದು ವಯಸ್ಸಾದವನ ಬಾಯಲ್ಲಿ. ಹುಡುಗನಾಗಿದ್ದೆ ಈಗ ಮುದುಕನಾಗಿದೀನಿ ಅಂತ ಅವನೇ ಹೇಳ್ತಾನೆ, ಸೊಂಪಾದ ಮರದ ಹಾಗೆ ಹರಡ್ಕೊಂಡಿದ್ದ ದುಷ್ಟ ಆಮೇಲೆ ಹುಡುಕಿದ್ರೂ ಸಿಗಲಿಲ್ಲ ಅಂತಾನೆ. ಆಯಸ್ಸೆಲ್ಲಾ ಕಣ್ಣಾರೆ ಕಂಡು ಹೇಳಿದ ಮಾತದು. ನಿನ್ನೆ ಪೆಟ್ಟು ತಿಂದವನು ಇವತ್ತೇ ಅದನ್ನ ಒಪ್ಕೋಬೇಕು ಅನ್ನೋದು ಯಾವ ನ್ಯಾಯ?

ಅಂಥವರ ಜೊತೆ ಕೂತು ಓದೋಕೆ 73ನೇ ಕೀರ್ತನೆ ಇದೆ. ಅದರಲ್ಲಿ ಮಾತಾಡೋ ಆಸಾಫ ಏನನ್ನೂ ಮುಚ್ಚಿಡಲ್ಲ. ನನ್ನ ಕಾಲು ಇನ್ನೇನು ಜಾರ್ತಿತ್ತು, ಕೆಟ್ಟವರ ಸುಖ ನೋಡಿ ಹೊಟ್ಟೆಕಿಚ್ಚು ಪಟ್ಟೆ ಅಂತಾನೆ, ಅವರ ಮೈ ಕೊಬ್ಬಿದೆ, ಗರ್ವವನ್ನ ಕಂಠಹಾರದ ಹಾಗೆ ಹಾಕ್ಕೊಂಡಿದಾರೆ, ನಾನು ಮನಸ್ಸು ಶುದ್ಧ ಇಟ್ಕೊಂಡಿದ್ದು ದಂಡ ಆಯ್ತಲ್ಲ ಅಂತ ದೇವರ ಮುಂದೇನೇ ಗೋಳಾಡ್ತಾನೆ. 17ನೇ ವಚನದಲ್ಲಿ ದೇವರ ಆಲಯಕ್ಕೆ ಹೋದ ಮೇಲೇನೇ ಅವರ ಅಂತ್ಯ ಏನು ಅಂತ ಅವನಿಗೆ ಅರ್ಥ ಆಗೋದು. ಗಮನಿಸಿ, ಆ ಹೊತ್ತಿಗೆ ಹೊರಗಡೆ ಒಬ್ಬ ದುಷ್ಟನೂ ಬಿದ್ದ ಅಂತ ಅಲ್ಲಿ ಬರೆದಿಲ್ಲ, ಬದಲಾಗಿದ್ದು ಆಸಾಫನ ಕಣ್ಣು, ಅದೂ ದೂರೆಲ್ಲಾ ಹೇಳಿ ಮುಗಿಸಿದ ಮೇಲೆ.

ಇನ್ನು ಶಾಪದ ಕೀರ್ತನೆಗಳು, ಅಂದ್ರೆ ಶತ್ರುಗಳಿಗೆ ಕೇಡಾಗಲಿ ಅಂತ ದೇವರನ್ನ ಬೇಡೋವು. ಅವನ್ನ ಓದೋಕೆ ಎಲ್ರಿಗೂ ಮುಜುಗರ. ಕ್ಯಾಥೊಲಿಕ್ ಸಭೆ 1971ರಲ್ಲಿ ತನ್ನ ದಿನದ ಪ್ರಾರ್ಥನಾ ಕ್ರಮವನ್ನ ಪರಿಷ್ಕರಿಸಿದಾಗ ಇಂಥ 58, 83, 109ನೇ ಕೀರ್ತನೆ ಮೂರನ್ನೂ ಪೂರ್ತಿ ಕೈಬಿಟ್ಟಿತು. ಕಾರಣ ಅರ್ಥ ಆಗುತ್ತೆ, ಶತ್ರುವಿನ ಮಕ್ಕಳು ತಬ್ಬಲಿಗಳಾಗಲಿ ಅನ್ನೋದನ್ನ ಬಾಯಿಬಿಟ್ಟು ಪ್ರಾರ್ಥಿಸೋದು ಸುಲಭ ಅಲ್ಲ. ಆದ್ರೂ ಅವು ಬೈಬಲಿನಲ್ಲಿ ಇರೋದೇ ಒಳ್ಳೇದು ಅಂತ ನಾನು ನಂಬ್ತೀನಿ, ಯಾಕಂದ್ರೆ ಆ ಸಿಟ್ಟನ್ನೆಲ್ಲಾ ಸುರಿದಿರೋದು ದೇವರ ಮುಂದೆ, ಶತ್ರುವಿನ ಬಾಗಿಲಲ್ಲಿ ಅಲ್ಲ. 109ರ ಮೇಲೆ ಇರೋದು ದಾವೀದನ ಹೆಸರು. ಅದೇ ದಾವೀದನಿಗೆ, ತನ್ನನ್ನ ಕೊಲ್ಲೋಕೆ ಹುಡುಕ್ತಿದ್ದ ರಾಜ ಸೌಲ ಏನ್ಗೆದಿ ಅನ್ನೋ ಕಡೆ ಗವಿಯೊಳಗೆ ಒಬ್ಬನೇ ಸಿಕ್ಕಾಗ ಅವನು ಕೊಯ್ದಿದ್ದು ಸೌಲನ ನಿಲುವಂಗಿಯ ತುದಿ ಮಾತ್ರ, ನನ್ನ ನಿನ್ನ ನಡುವೆ ಯೆಹೋವ ದೇವರೇ ನ್ಯಾಯ ತೀರಿಸಲಿ, ನನ್ನ ಕೈ ನಿನ್ನ ಮೇಲೆ ಬೀಳಲ್ಲ ಅಂದ. ಆದ್ರೆ ಸುಮ್ಮನೇನೂ ಇರಲಿಲ್ಲ, ಗವಿಯಿಂದ ಹೊರಗೆ ಬಂದು ಆ ಬಟ್ಟೆ ತುಂಡನ್ನ ಎತ್ತಿ ತೋರಿಸಿ, ನನ್ನನ್ನ ಯಾಕೆ ಬೇಟೆ ಆಡ್ತಿದೀಯ ಅಂತ ಎಲ್ಲರ ಎದುರಿಗೆ ಸೌಲನನ್ನ ಕೇಳಿದ. ದೇವರ ಕೈಗೆ ಒಪ್ಪಿಸೋದು ಅಂದ್ರೆ ಇದು ಅಂತ ನನ್ನ ಅಭಿಪ್ರಾಯ.

ಹಾಗಾಗಿ ದೇವರನ್ನ ನಂಬಿದವರು ಕಂಪ್ಲೇಂಟ್ ಕೊಡಬಾರದು, ಕೋರ್ಟಿಗೆ ಹೋಗಬಾರದು ಅಂತ ಯಾರೂ ಕೀರ್ತನೆಗಳ ಹೆಸರಲ್ಲಿ ಹೇಳಬೇಡಿ. ಬಡವರನ್ನ ದುಷ್ಟರ ಕೈಯಿಂದ ಬಿಡಿಸಿ ಅಂತ 82ನೇ ಕೀರ್ತನೆ ನ್ಯಾಯ ತೀರಿಸೋರಿಗೇ ಗದರಿಸುತ್ತೆ, ಕಾನೂನಿನ ಹೆಸರಲ್ಲೇ ಕೇಡು ಮಾಡೋ ಅಧಿಕಾರದ ಬಗ್ಗೆ 94ರಲ್ಲಿ ನೇರವಾಗೇ ಇದೆ.

ಪ್ರಸಂಗ ಮಾಡೋ ಪಾಸ್ಟರ್‌ಗಳಲ್ಲಿ, ಫಾದರ್‌ಗಳಲ್ಲಿ ನನ್ನ ವಿನಂತಿ ಇಷ್ಟೇ, 37ನ್ನ ಓದುವಾಗ ಜೊತೆಗೆ 10, 73, 94ನ್ನೂ ಸಭೆಯಲ್ಲಿ ಜೋರಾಗಿ ಓದಿ, 10ನೇ ಕೀರ್ತನೆಯ ಹಾಗೆ "ಯಾಕೆ ದೂರ ನಿಂತಿದೀಯ" ಅಂತ ದೇವರನ್ನ ಕೇಳೋ ಹಕ್ಕು ತಮಗೂ ಇದೆ ಅಂತ ನೊಂದವರಿಗೆ ಗೊತ್ತಾಗಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ