ವೈರಸ್ಸಿನ ಊರು ಯಾವುದು?

ಸಂಪಾದಕರೇ,

ಮಳೆ ಶುರುವಾದರೆ ನಮ್ಮ ಬೀದಿಯಲ್ಲಿ ಒಂದೇ ಜಗಳ. ಸೊಳ್ಳೆ ನಿಮ್ಮ ಕುಂಡದ ತಟ್ಟೆಯಿಂದಲೇ ಬರುತ್ತಿದೆ ಅಂತ ಕೆಳಗಿನ ಮನೆಯವರು, ನಿಮ್ಮ ಡ್ರಮ್ಮಿಗೆ ಮುಚ್ಚಳವೇ ಇಲ್ಲವಲ್ಲ ಅಂತ ಮೇಲಿನವರು. 2006ರ ಚಿಕುನ್‌ಗುನ್ಯಾದಲ್ಲೂ ಹೀಗೇ. ಆಗ ನಮ್ಮಮ್ಮ ಬೆರಳು ಮಡಿಸಲಾಗದೆ, ಲೋಟವನ್ನು ಎರಡು ಅಂಗೈ ನಡುವೆ ಒತ್ತಿಕೊಂಡು ಕಾಫಿ ಕುಡಿಯುತ್ತಿದ್ದರು.

ಸೊಳ್ಳೆ ಪಕ್ಕದ ಮನೆಯದೇ ಇರಬಹುದು, ವೈರಸ್ ಮಾತ್ರ ದೂರದ್ದು. 1963ರಲ್ಲಿ ಕೋಲ್ಕತ್ತದಲ್ಲಿ ಹಬ್ಬಿದ್ದು ಏಷ್ಯಾದ ತಳಿ. 2005-06ರ ವೈರಸ್ಸಿನ ಜೀನ್ ಓದಿ ನೋಡಿದರೆ ಅದು ಆಫ್ರಿಕಾ ಮೂಲದ ಬೇರೆ ತಳಿ! ಹಳೆಯದು ಮತ್ತೆ ಎದ್ದದ್ದಲ್ಲ, ಹೊಸದಾಗಿ ಒಳಗೆ ಬಂದದ್ದು. ಅದರ ಜೀನ್‌ಗಳಿರುವ ಎಳೆಯಾದ ಆರ್‌ಎನ್‌ಎಯಲ್ಲಿ ಸುಮಾರು 11,800 ಅಕ್ಷರಗಳಿವೆ, ನಕಲಾಗುವಾಗ ಆಗಾಗ ತಪ್ಪು ನುಸುಳುತ್ತದೆ, ಪರೀಕ್ಷೆಯಲ್ಲಿ ಕಾಪಿ ಹೊಡೆದವರು ಒಂದೇ ಥರದ ಕಾಗುಣಿತ ತಪ್ಪಿನಿಂದ ಸಿಕ್ಕಿಬೀಳುತ್ತಾರಲ್ಲ, ಹಾಗೆ ಯಾವುದು ಯಾವುದರ ಸಂಬಂಧಿ ಅಂತ ಗೊತ್ತಾಗುತ್ತದೆ. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಒಂದೇ ಒಂದು ಅಕ್ಷರ ಬದಲಾಗಿ ಏಷ್ಯನ್ ಟೈಗರ್ ಅನ್ನುವ ಇನ್ನೊಂದು ಜಾತಿಯ ಸೊಳ್ಳೆಯಲ್ಲಿ ಅದು ಸಲೀಸಾಗಿ ಬೆಳೆಯತೊಡಗಿತು. 2007ರಲ್ಲಿ ಕೇರಳದಲ್ಲೂ ಅದೇ ಬದಲಾವಣೆ ಕಂಡಿತು. ಅದು ರೀಯೂನಿಯನ್‌ನಿಂದ ಬಂದದ್ದಲ್ಲ, ಇಲ್ಲೇ ಬೇರೆಯಾಗಿ ಹುಟ್ಟಿದ್ದು ಅನ್ನುವುದೂ ಜೀನ್ ಓದಿದ್ದರಿಂದಲೇ ತಿಳಿದದ್ದು.

ಡೆಂಗಿಯಲ್ಲೂ ನಾಲ್ಕು ವಿಧ. ಒಮ್ಮೆ ಒಂದು ಬಂದವರಿಗೆ ಆಮೇಲೆ ಇನ್ನೊಂದು ಬಂದರೆ ಅಪಾಯ ಜಾಸ್ತಿ. ಹಾಗಿರುವಾಗ ಸುಮ್ನೆ ಎಷ್ಟು ಕೇಸ್ ಅಂತ ಹೇಳಿದರೆ ಸಾಕಾ? ಜೀನ್ ಓದುವ ಲ್ಯಾಬ್‌ಗಳು ನಮ್ಮೂರಲ್ಲೇ ಇವೆ. ಪ್ರತಿ ಮಳೆಗಾಲ ಯಾವ ವಾರ್ಡಿನಲ್ಲಿ ಯಾವ ತಳಿ ಓಡಾಡುತ್ತಿದೆ ಅನ್ನುವುದನ್ನೂ ಕೇಸ್ ಲೆಕ್ಕದ ಜೊತೆಗೇ ಪ್ರಕಟಿಸಲಿ.

ಅಂದಹಾಗೆ, ಆ ಡ್ರಮ್ಮಿಗೆ ಇನ್ನೂ ಮುಚ್ಚಳ ಬಂದಿಲ್ಲ.

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು