ಲಿವರ್ ರೋಗಿ ತೊದಲಿದರೆ ಸೋಡಿಯಂ, ಪೊಟ್ಯಾಸಿಯಂ ನೋಡಿಸಿ

ಮಾನ್ಯ ಸಂಪಾದಕರೇ,

ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವ ರೋಗ) ಇರುವವರು ಇದ್ದಕ್ಕಿದ್ದಂತೆ ತೊದಲಿದರೆ, ಅಂಗಿ ಗುಂಡಿ ಹಾಕಲು ತಡಕಾಡಿದರೆ, ಹಗಲೆಲ್ಲ ಮಲಗಿ ರಾತ್ರಿ ಎದ್ದು ಕೂತರೆ, ‘ಮತ್ತೆ ಕುಡಿದಿದ್ದಾನೆ’ ಅಂತ ಬೈದು ಬಿಟ್ಟುಬಿಡುವ ಮನೆಗಳು ಎಷ್ಟೋ. ವಾರ್ಡಿನಲ್ಲಿ ಕೆಲಸ ಮಾಡುವ ನನಗೆ ಇದು ತುಂಬಾ ನೋವು ಕೊಡುತ್ತದೆ. ಅದು ಅಮಲಲ್ಲ, ಲಿವರ್ ಕೈಕೊಟ್ಟು, ಅದು ತೆಗೆದುಹಾಕಬೇಕಿದ್ದ ಅಮೋನಿಯಾ ಎಂಬ ವಿಷ ಮಿದುಳಿಗೆ ಏರಿರಬಹುದು.

ಹೊಟ್ಟೆಯ ನೀರು ಇಳಿಸುವ ಮಾತ್ರೆ ಜಾಸ್ತಿಯಾದರೆ, ವಾಂತಿ ಭೇದಿಯಾದರೆ ರಕ್ತದಲ್ಲಿನ ಲವಣಗಳಾದ ಸೋಡಿಯಂ, ಪೊಟ್ಯಾಸಿಯಂ ಏರುಪೇರಾಗುತ್ತವೆ, ಅದರಿಂದಲೂ ಈ ತೊಂದರೆ ಹೆಚ್ಚುತ್ತದೆ. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 3.5ಕ್ಕಿಂತ (mEq/L) ಕೆಳಗಿಳಿದರೆ ಕಿಡ್ನಿಯೇ ಇನ್ನಷ್ಟು ಅಮೋನಿಯಾ ಮಾಡಿ ರಕ್ತಕ್ಕೆ ಬಿಡುತ್ತದೆ! ಅಮೋನಿಯಾವನ್ನು ಮಲದ ಜೊತೆ ಹೊರಹಾಕುವ ಲ್ಯಾಕ್ಟುಲೋಸ್ ಸಿರಪ್ಪಿನಿಂದ ದಿನಕ್ಕೆ 2-3 ಸಲ ಮೆತ್ತಗೆ ಹೊರಗೆ ಹೋದರೆ ಸಾಕು, ಬೇಗ ವಾಸಿಯಾಗಲಿ ಅಂತ ಸುಮ್ನೆ ಹೆಚ್ಚು ಕುಡಿಸಿ ಭೇದಿ ಹಚ್ಚಿಸಬೇಡಿ. ಹೊಟ್ಟೆಯ ನೀರಿಗೇ ಕೊಡುವ, ಆದರೆ ಪೊಟ್ಯಾಸಿಯಂ ಉಳಿಸಿಕೊಳ್ಳುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ನುಂಗುವವರಿಗೆ ಡಾಕ್ಟರನ್ನು ಕೇಳದೆ ಎಳನೀರೂ ಬೇಡ, ಪೊಟ್ಯಾಸಿಯಂ ವಿಪರೀತ ಏರಬಹುದು. ಸೋಡಿಯಂ ಕಡಿಮೆ ಅಂತ ಉಪ್ಪು ತಿನ್ನಿಸಿದರೆ ಹೊಟ್ಟೆ ಇನ್ನೂ ಉಬ್ಬುತ್ತದೆ. ಆಸ್ಪತ್ರೆಯಲ್ಲೂ ಸೋಡಿಯಂ ಅನ್ನು ನಿಧಾನಕ್ಕೇ ಏರಿಸಬೇಕು, ಅವಸರ ಮಾಡಿದರೆ ಮಿದುಳಿಗೇ ಪೆಟ್ಟು.

ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿ ಹೊತ್ತೂ ಈ ರಕ್ತಪರೀಕ್ಷೆ ಸಿಗಬೇಕು, ಡಿಸ್ಚಾರ್ಜ್ ಚೀಟಿಯಲ್ಲಿ ಈ ಸೂಚನೆಗಳು ಕನ್ನಡದಲ್ಲೇ ಇರಬೇಕು. ಆರೋಗ್ಯ ಇಲಾಖೆ ದಯವಿಟ್ಟು ಗಮನಿಸಲಿ.

– ಒಬ್ಬ ನರ್ಸ್, ದಾವಣಗೆರೆ